ಉಚಿತವೂ ಬಿಟ್ಟಿಯೂ: ಲಂಡನ್ನಿನ ಶುಲ್ಕರಹಿತ ವಸ್ತುಸಂಗ್ರಹಾಲಯಗಳನ್ನು ಕುರಿತು ಒಂದು ವಿಮರ್ಶೆ

ಹಣ ತೆರದೆ ದೊರೆಯುವುದನ್ನು ಹೇಳುವುದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಶಬ್ದಗಳಿವೆ. ‘ಉಚಿತ’ವೆಂಬುದೊಂದು, ‘ಬಿಟ್ಟಿ’ಯೆಂಬುದಿನ್ನೊಂದು. ಮೊದಲನೆಯದಕ್ಕೆ ಸಂಸ್ಕೃತದಲ್ಲಿ ಯೋಗ್ಯವಾದುದು, ತಕ್ಕುದಾದುದು ಎಂದು ಅರ್ಥ. ಕಾವ್ಯಮೀಮಾಂಸೆಯ ಔಚಿತ್ಯವಿಚಾರ ಹುಟ್ಟಿದುದು ಈ ಶಬ್ದದಿಂದಲೇ. ಎರಡನೆಯದು ‘ವಿಷ್ಟಿ’ಯ ತದ್ಭವ, ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆಗೆ ನಮ್ಮ ಶಾಸನಗಳಲ್ಲಿ ಈ ಹೆಸರುಂಟು. ಆಡುಮಾತಿನಲ್ಲಿ ಇವೆರಡೂ ಇಂದು ಹೆಚ್ಚುಕಡಮೆ ಒಂದೇ ಅರ್ಥಕ್ಕೆ ಬಂದು ನಿಂತಿವೆ. ಆದರೂ ಲಂಡನ್ ನಗರದ ಶುಲ್ಕರಹಿತ ವಸ್ತುಸಂಗ್ರಹಾಲಯಗಳನ್ನೂ ಚಿತ್ರಶಾಲೆಗಳನ್ನೂ ಕುರಿತು ಆಲೋಚಿಸುವಾಗ ಇವುಗಳ ಮೂಲಾರ್ಥವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಪ್ರಯೋಜನಕರ. ಆ ಸಂಸ್ಥೆಗಳ ಎರಡೂವರೆ ಶತಮಾನಗಳಿಗೂ ಮಿಕ್ಕ ಚರಿತ್ರೆಯಲ್ಲಿ ಪ್ರವೇಶವೆಂಬುದು ಒಂದು ಕಾಲಕ್ಕೆ ಯೋಗ್ಯರಿಗೆ ಮಾತ್ರ ಸಲ್ಲುವ ಗೌರವವಾಗಿಯೂ, ಇನ್ನೊಂದು ಕಾಲಕ್ಕೆ ಬಡವರಿಗೆ ನೀಡುವ ಧರ್ಮವಾಗಿಯೂ, ಮತ್ತೊಂದು ಕಾಲಕ್ಕೆ ಪ್ರಜೆಯ ಹಕ್ಕಾಗಿಯೂ ಕಾಣಿಸಿಕೊಂಡಿದೆ.

ಈ ವಿಷಯದ ಚರ್ಚೆ ಸಾಮಾನ್ಯವಾಗಿ ಲೆಕ್ಕಪತ್ರದ ಸುತ್ತಲೇ ನಡೆಯುತ್ತದೆ. ಸರ್ಕಾರಕ್ಕೆ ಎಷ್ಟು ವೆಚ್ಚ, ಟಿಕೆಟ್ಟು ಇಟ್ಟರೆ ಎಷ್ಟು ಆದಾಯ, ಬಂದವರ ಸಂಖ್ಯೆ ಎಷ್ಟು ಏರಿತು ಅಥವಾ ಇಳಿಯಿತು ಎಂಬಿವೇ ಅಲ್ಲಿನ ಪ್ರಶ್ನೆಗಳು. ಇವು ಅಲ್ಪವಾದ ಪ್ರಶ್ನೆಗಳಲ್ಲ. ಆದರೆ ಒಂಟಿಯಾಗಿ ಬರುವ ವಿದ್ವಾಂಸನನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬರುವ ಸಂಸಾರದ ದೃಷ್ಟಿಯಿಂದ ನೋಡಿದರೆ ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ. ಬಾಗಿಲಲ್ಲಿ ನಿಂತವನು ಬಂದವರನ್ನು ಏನು ಕೇಳುತ್ತಾನೆ? ಏನನ್ನೂ ಕೇಳದೆ ಒಳಗೆ ಬಿಡುತ್ತಾನೆಯೆ? ಉಚಿತ ಪ್ರವೇಶದ ಸಾರವು ಉಳಿದ ಹಣದಲ್ಲಿರುವುದಕ್ಕಿಂತ ಈ ಪ್ರಶ್ನೆಯಿಲ್ಲದ ಬಾಗಿಲಿನಲ್ಲಿದೆಯೆಂಬುದು ನನ್ನ ಅಭಿಪ್ರಾಯ.

ಬ್ರಿಟಿಷ್ ಮ್ಯೂಸಿಯಂ ಇದಕ್ಕೆ ಮೊದಲ ನಿದರ್ಶನ. ವೈದ್ಯನೂ ಸಂಗ್ರಾಹಕನೂ ಆಗಿದ್ದ ಸರ್ ಹ್ಯಾನ್ಸ್ ಸ್ಲೋನ್ 1753ರಲ್ಲಿ ತೀರಿಕೊಂಡಾಗ ಅವನ ಸಂಗ್ರಹದಲ್ಲಿ ಸುಮಾರು 71,000 ವಸ್ತುಗಳಿದ್ದುವು. ಅವನ ಉಯಿಲಿನಂತೆ 20,000 ಪೌಂಡುಗಳನ್ನು ವಾರಸುದಾರರಿಗೆ ಕೊಟ್ಟು ಪಾರ್ಲಿಮೆಂಟು ಅದನ್ನು ಪಡೆಯಿತು. ಹಣವನ್ನು ಲಾಟರಿಯಿಂದ ಕೂಡಿಸಲಾಯಿತು. 1759ರ ಜನವರಿ 15ರಂದು ಸಂಗ್ರಹಾಲಯವು ಬ್ಲೂಮ್ಸ್‌ಬರಿಯ ಮಾಂಟೆಗ್ಯು ಭವನದಲ್ಲಿ ಬಾಗಿಲು ತೆರೆಯಿತು. ಶುಲ್ಕವೇನೂ ಇರಲಿಲ್ಲ. ಆದರೆ ನೋಡಬಯಸಿದವನು ಮೊದಲು ದ್ವಾರಪಾಲಕನಲ್ಲಿ ತನ್ನ ಹೆಸರು, ಅಂತಸ್ತು, ವಾಸಸ್ಥಳಗಳನ್ನು ಬರೆಯಿಸಬೇಕಾಗಿತ್ತು. ಮುಖ್ಯ ಗ್ರಂಥಪಾಲಕನು ಒಪ್ಪಿದ ಮೇಲೆ ಟಿಕೆಟ್ಟು ದೊರೆಯುತ್ತಿತ್ತು. ಗಂಟೆಗೆ ಹತ್ತು ಟಿಕೆಟ್ಟುಗಳಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಆರಂಭದ ನಿಯಮಗಳಲ್ಲಿ ಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ಪುಸ್ತಕ ವ್ಯಾಪಾರಿ ವಿಲಿಯಂ ಹಟನ್ 1784ರಲ್ಲಿ ಲಂಡನ್ನಿಗೆ ಹೋದಾಗ ಈ ಧರ್ಮದ ಟಿಕೆಟ್ಟನ್ನು ಇನ್ನೊಬ್ಬನಿಂದ ಸುಮಾರು ಎರಡು ಷಿಲಿಂಗು ಕೊಟ್ಟು ಕೊಂಡನು. ಒಳಹೋದ ಮೇಲೆ ಮಾರ್ಗದರ್ಶಕನು ಅವನನ್ನೂ ಅವನ ಜೊತೆಯವರನ್ನೂ ಕೊಠಡಿಯಿಂದ ಕೊಠಡಿಗೆ ಅಟ್ಟಿಕೊಂಡು ಹೋಗಿ ಅರ್ಧ ಗಂಟೆಯೊಳಗೆ ಹೊರಗೆ ಬಿಟ್ಟನು. ಶುಲ್ಕವಿಲ್ಲದ ಬಾಗಿಲಿನಲ್ಲಿ ಪ್ರಶ್ನೆಗಳಿದ್ದರೆ ಆ ಬಾಗಿಲಿಗೂ ಒಂದು ಬೆಲೆ ಹುಟ್ಟಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ. 1810ರಿಂದ ಟಿಕೆಟ್ಟಿನ ತೊಡಕು ಹೋಗಿ, ನೋಡುವುದಕ್ಕೆ ಸಭ್ಯರಂತೆ ಕಾಣುವವರೆಲ್ಲರನ್ನೂ ಗೊತ್ತಾದ ದಿನಗಳಲ್ಲಿ ಬಿಡುವ ಪದ್ಧತಿ ಬಂದಿತು. ಆದರೆ ಸಭ್ಯತೆಯನ್ನು ಅಳೆಯುವವನು ಅದೇ ದ್ವಾರಪಾಲಕ!

ನ್ಯಾಷನಲ್ ಗ್ಯಾಲರಿಯ ಕಥೆ ಇದಕ್ಕಿಂತ ಭಿನ್ನ. 1824ರಲ್ಲಿ ಜಾನ್ ಜೂಲಿಯಸ್ ಆಂಗರ್‌ಸ್ಟೀನ್ ಎಂಬ ವರ್ತಕನ 38 ಚಿತ್ರಗಳನ್ನು 57,000 ಪೌಂಡುಗಳಿಗೆ ಕೊಂಡು, ಅವನ ಪಾಲ್‌ಮಾಲ್ ಬೀದಿಯ ಮನೆಯಲ್ಲೇ ಅದನ್ನು ಆರಂಭಿಸಿದರು. 1838ರಲ್ಲಿ ಟ್ರಫಾಲ್ಗರ್ ಚೌಕದ ಹೊಸ ಕಟ್ಟಡಕ್ಕೆ ಸಂಗ್ರಹವು ಬಂದಿತು. ಪಶ್ಚಿಮದ ಶ್ರೀಮಂತರು ಗಾಡಿಯಲ್ಲಿ ಬರಲೂ ಪೂರ್ವದ ಬಡವರು ನಡೆದು ಬರಲೂ ಅನುಕೂಲವೆಂಬುದು ಆ ಸ್ಥಳದ ಪರವಾಗಿ ಹೇಳುತ್ತಿದ್ದ ವಾದ. ಇಲ್ಲಿ ಮಕ್ಕಳಿಗೂ ಪ್ರವೇಶವಿತ್ತು. ಪರಿಣಾಮವೇನಾಯಿತೆಂಬುದನ್ನು 1850ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಗ್ಯಾಲರಿಯ ಪಾಲಕನಾಗಿದ್ದ ಚಿತ್ರಕಾರ ಥಾಮಸ್ ಯೂವಿನ್ಸ್ ಕೊಟ್ಟ ಸಾಕ್ಷ್ಯದಿಂದ ತಿಳಿಯಬಹುದು. ಹಳ್ಳಿಯವರಂತೆ ಕಾಣುತ್ತಿದ್ದ ಕೆಲವರು ತಿಂಡಿಯ ಬುಟ್ಟಿಯೊಡನೆ ಬಂದು ಕುರ್ಚಿಗಳನ್ನು ಸುತ್ತಲೂ ಎಳೆದುಕೊಂಡು ಊಟಕ್ಕೆ ಕುಳಿತರು. ಇದು ತಕ್ಕುದಲ್ಲವೆಂದು ಆತನು ಹೇಳಿದಾಗ ಅವರೇನೂ ಕೋಪಿಸಿಕೊಳ್ಳಲಿಲ್ಲ. ಅವರಲ್ಲೊಬ್ಬ ಹೆಂಗಸು ಆತನಿಗೂ ಒಂದು ಲೋಟ ಜಿನ್ ಮದ್ಯವನ್ನು ನೀಡಿ, ತಾವು ತಂದುದರಲ್ಲಿ ಪಾಲು ತೆಗೆದುಕೊಳ್ಳಬೇಕೆಂದು ಉಪಚರಿಸಿದಳು. ಇನ್ನೊಂದು ಸಲ ಗಂಡಹೆಂಡಿರಿಬ್ಬರು ತಮ್ಮ ಕೂಸಿಗೆ ಅಲ್ಲಿಯೇ ನಡೆಯುವುದನ್ನು ಕಲಿಸುತ್ತಿದ್ದರು. ಒಂದು ಬದಿಯಲ್ಲಿ ತಾಯಿ, ಇನ್ನೊಂದು ಬದಿಯಲ್ಲಿ ತಂದೆ. ಕೂಸು ಇವರ ಕೈಯಿಂದ ಅವರ ಕೈಗೆ ಓಡುತ್ತಿತ್ತು.

ಯೂವಿನ್ಸನು ಇದನ್ನು ದೂರಾಗಿ ಹೇಳಿದನು. ಚಿತ್ರಗಳ ರಕ್ಷಣೆ ಅವನ ಹೊಣೆಯಾಗಿತ್ತು. ಲಂಡನ್ನಿನ ಹೊಗೆ, ಜನಸಂದಣಿಯ ಧೂಳು, ಉಸಿರಿನ ತೇವ ಇವುಗಳಿಂದ ಚಿತ್ರಗಳು ಕೆಡುವುವೆಂಬ ಭಯ ಆ ಕಾಲದಲ್ಲಿ ಹುರುಳಿಲ್ಲದ ಭಯವೇನೂ ಆಗಿರಲಿಲ್ಲ. ಆದುದರಿಂದ ಅವನನ್ನು ಜನದ್ವೇಷಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಈ ಸಾಕ್ಷ್ಯವನ್ನು ಇಂದು ಓದುವಾಗ ಅದರ ಅರ್ಥವೇ ತಿರುಗಿಬಿಡುತ್ತದೆ. ಸಾರ್ವಜನಿಕ ಚಿತ್ರಶಾಲೆಯು ನಿಜವಾಗಿ ಸಾರ್ವಜನಿಕವಾಯಿತೆಂಬುದಕ್ಕೆ ನಾನು ಬಲ್ಲಂತೆ ಇದು ಅತ್ಯಂತ ಸ್ಪಷ್ಟವಾದ ಆಧಾರ. ವಿಶಾಲವಾದ ನೆಲ, ಮಳೆಯಿಂದ ರಕ್ಷಣೆ, ತಳ್ಳಾಟವಿಲ್ಲದ ಜಾಗ, ಇವು ಇಕ್ಕಟ್ಟಾದ ಬಾಡಿಗೆಯ ಕೊಠಡಿಯಲ್ಲಿ ಎಲ್ಲಿಯವು? ನಡೆ ಕಲಿಯುವ ಮಗುವಿಗೆ ಬೇಕಾದುದನ್ನು ಆ ದಂಪತಿಗಳು ತಮ್ಮ ರಾಷ್ಟ್ರದ ಚಿತ್ರಶಾಲೆಯಲ್ಲಿ ಕಂಡುಕೊಂಡರು. ಅವರು ಚಿತ್ರಗಳನ್ನು ನೋಡಿದರೋ ಇಲ್ಲವೋ ಸಮಿತಿಯ ವರದಿ ಹೇಳುವುದಿಲ್ಲ. ಜಾತ್ರೆಯ ದಿನ ದೇವಸ್ಥಾನದ ಕಂಬಸಾಲೆಯಲ್ಲಿ ಬುತ್ತಿ ಬಿಚ್ಚಿ ಕುಳಿತ ಸಂಸಾರವನ್ನು ಕಂಡ ನಮ್ಮವರಾರೂ ಅವರಿಗೆ ಭಕ್ತಿಯಿಲ್ಲವೆಂದು ತೀರ್ಮಾನಿಸುವುದಿಲ್ಲವಷ್ಟೆ.

ಸಂಸಾರವನ್ನು ಬಾಗಿಲಲ್ಲಿ ಸಹಿಸಿಕೊಳ್ಳುವುದು ಒಂದು. ಬೇಕೆಂದು ಬರಮಾಡಿಕೊಳ್ಳುವುದು ಇನ್ನೊಂದು. ಎರಡನೆಯ ಕೆಲಸವನ್ನು ಮಾಡಿದವನು ಸರ್ ಹೆನ್ರಿ ಕೋಲ್. 1851ರ ಮಹಾ ಪ್ರದರ್ಶನವನ್ನು ಸುಮಾರು ಅರವತ್ತು ಲಕ್ಷ ಭೇಟಿಗಳಷ್ಟು ಜನ ನೋಡಿದ್ದರು. ವಾರದ ಕೆಲವು ದಿನಗಳಲ್ಲಿ ಒಂದೇ ಷಿಲಿಂಗಿನ ಟಿಕೆಟ್ಟು ಇಟ್ಟುದೇ ಈ ಜನಪ್ರವಾಹಕ್ಕೆ ಮುಖ್ಯ ಕಾರಣ. ಅದರ ಲಾಭದಿಂದ ಕೊಂಡ ನೆಲದಲ್ಲಿ 1857ರಲ್ಲಿ ದಕ್ಷಿಣ ಕೆನ್ಸಿಂಗ್ಟನ್ ಸಂಗ್ರಹಾಲಯ, ಎಂದರೆ ಇಂದಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂ, ತೆರೆಯಿತು. ದುಡಿಯುವವನಿಗೆ ಹಗಲು ಬಿಡುವಿಲ್ಲವೆಂಬ ಸಾಮಾನ್ಯ ಸಂಗತಿಯನ್ನು ಕೋಲನು ಮರೆಯಲಿಲ್ಲ. ಅನಿಲದೀಪಗಳನ್ನು ಹಾಕಿಸಿ ಸಂಜೆಯಲ್ಲೂ ಬಾಗಿಲು ತೆರೆದನು. ಒಳಗೇ ಉಪಾಹಾರ ಗೃಹವನ್ನಿಟ್ಟನು. ವಾರದಲ್ಲಿ ಮೂರು ದಿನ ಉಚಿತ. ಉಳಿದ ದಿನ ಆರು ಪೆನ್ಸು. ಅದೇ ವರ್ಷ ಮಾಡಿದ ಒಂದು ಭಾಷಣದಲ್ಲಿ, ಒರಟು ಬಟ್ಟೆಯ ಅಂಗಿ ತೊಟ್ಟ ಕೂಲಿಗಾರನು ಅಂಥದೇ ಅಂಗಿ ತೊಟ್ಟ ಮೂರುನಾಲ್ಕು ಮಕ್ಕಳನ್ನೂ ಕೂಸನ್ನೆತ್ತಿದ ಹೆಂಡತಿಯನ್ನೂ ಕರೆದುಕೊಂಡು ತನ್ನ ಮಬ್ಬುಗತ್ತಲೆಯ ಮನೆಯಿಂದ ಹೊರಟು ಈ ದೀಪಗಳ ಬೆಳಕಿಗೆ ಬಂದು ಬೆರಗಾಗುವುದನ್ನು ಅವನು ವರ್ಣಿಸಿದ್ದಾನೆ.

ಈ ವರ್ಣನೆಯಲ್ಲಿ ಹಿತವೂ ಇದೆ, ಹಿತೋಪದೇಶವೂ ಇದೆ. ಸಂಗ್ರಹಾಲಯವು ಸೇಂದಿಯಂಗಡಿಗೆ ಮದ್ದಾಗಬೇಕೆಂಬುದು ಕೋಲನ ಆಸೆ. ಬಡವನಿಗೆ ಸುಂದರವಾದ ವಸ್ತುವನ್ನು ತೋರಿಸಿದರೆ ಅವನು ಒಳ್ಳೆಯ ಕುಶಲಕರ್ಮಿಯಾಗುತ್ತಾನೆ, ಇಂಗ್ಲೆಂಡಿನ ಸರಕಿಗೆ ಬೆಲೆ ಬರುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇದ್ದಿತು. ಹತ್ತೊಂಬತ್ತನೆಯ ಶತಮಾನದ ಲೋಕೋಪಕಾರವನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುವುದುಂಟು: ಅದನ್ನು ಪೂರ್ತಿಯಾಗಿ ನಂಬುವುದು, ಇಲ್ಲವೆ ಪೂರ್ತಿಯಾಗಿ ಅಲ್ಲಗಳೆಯುವುದು. ಕೋಲನ ಉದ್ದೇಶವೇನೇ ಇರಲಿ, ರಾತ್ರಿಯ ದೀಪವೂ ಒಂದು ಬಟ್ಟಲು ಚಹವೂ ಸಂಸಾರಕ್ಕೆ ನಿಜವಾಗಿ ದೊರೆತವು.

ನಗರದ ಪೂರ್ವಭಾಗದ ಬೆತ್ನಲ್ ಗ್ರೀನಿನಲ್ಲಿ 1872ರಲ್ಲಿ ಇದೇ ಸಂಗ್ರಹಾಲಯದ ಶಾಖೆಯೊಂದು ತೆರೆಯಿತು. ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಮೊದಲು ಹಾಕಿದ್ದ ಕಬ್ಬಿಣದ ಕಟ್ಟಡವನ್ನು ಬಿಚ್ಚಿ ಅಲ್ಲಿಗೆ ಒಯ್ದು ಜೋಡಿಸಿದರು. ಬಡವರ ಕೇರಿಗೆ ಹಳೆಯ ಕಟ್ಟಡ ಸಾಕೆಂಬ ಭಾವ ಇದರಲ್ಲಿ ಇಲ್ಲವೆಂದು ಹೇಳುವುದು ಕಷ್ಟ. ಆದರೆ ಆರಂಭದಲ್ಲೇ ಸರ್ ರಿಚರ್ಡ್ ವಾಲೇಸನ ಅಮೂಲ್ಯ ಚಿತ್ರಸಂಗ್ರಹವನ್ನು ಅಲ್ಲಿ ಎರವಾಗಿ ಪ್ರದರ್ಶಿಸಿದಾಗ ಪೂರ್ವ ಲಂಡನ್ನಿನ ಜನ ಗುಂಪುಗುಂಪಾಗಿ ಬಂದರು. ಈ ಕಟ್ಟಡದ ಕಪ್ಪುಬಿಳುಪಿನ ಮೀನುಹುರುಪೆಯ ವಿನ್ಯಾಸದ ಅಮೃತಶಿಲೆಯ ನೆಲವನ್ನು ಸಿದ್ಧಪಡಿಸಿದವರು ವೋಕಿಂಗ್ ಸೆರೆಮನೆಯ ಸ್ತ್ರೀ ಕೈದಿಗಳು. ಬಿಟ್ಟಿಯೆಂಬ ಶಬ್ದದ ಹಳೆಯ ಅರ್ಥವೂ ಹೊಸ ಅರ್ಥವೂ ಇಷ್ಟು ಹತ್ತಿರದಲ್ಲಿ ಬೇರೆಲ್ಲಿಯೂ ನನಗೆ ದೊರೆತಿಲ್ಲ. ಬಿಟ್ಟಿ ನೋಡಲು ಬಂದ ಮಕ್ಕಳು ಓಡಾಡಿದ್ದು ಬಿಟ್ಟಿಯ ದುಡಿಮೆಯ ನೆಲದ ಮೇಲೆ. 1974ರಲ್ಲಿ ಈ ಶಾಖೆ ಬಾಲ್ಯಕ್ಕೇ ಮೀಸಲಾದ ಸಂಗ್ರಹಾಲಯವಾಯಿತು. 2023ರ ಜುಲೈನಲ್ಲಿ ‘ಯಂಗ್ ವಿ ಅಂಡ್ ಎ’ ಎಂಬ ಹೆಸರಿನಿಂದ ಮತ್ತೆ ತೆರೆದು, ಮರುವರ್ಷ ಬ್ರಿಟನ್ನಿನ ವರ್ಷದ ಸಂಗ್ರಹಾಲಯವೆಂಬ ಪ್ರಶಸ್ತಿಯನ್ನು ಪಡೆಯಿತು. ತೆವಳುವ ಕೂಸಿಗೂ ಅಲ್ಲಿ ಜಾಗ ಮಾಡಿದ್ದಾರೆ. ಯೂವಿನ್ಸನು ದೂರಿದ ದಂಪತಿಗಳು ನೂರೆಪ್ಪತ್ತು ವರ್ಷ ತಡವಾಗಿ ಗೆದ್ದರೆನ್ನಬೇಕು.

ದಿನದ ವಿಚಾರವನ್ನೂ ಇಲ್ಲಿ ಹೇಳಬೇಕು. ಕೂಲಿಗಾರನಿಗೆ ಪೂರ್ತಿ ಬಿಡುವಿದ್ದುದು ಭಾನುವಾರ ಒಂದೇ. ಆ ಭಾನುವಾರವೇ ರಾಷ್ಟ್ರೀಯ ಸಂಗ್ರಹಾಲಯಗಳು ಮುಚ್ಚಿರುತ್ತಿದ್ದುವು. ದೇವರ ದಿನದಂದು ವಿನೋದ ಸಲ್ಲದೆಂಬ ಧಾರ್ಮಿಕರ ವಿರೋಧಕ್ಕೂ 1855ರಲ್ಲಿ ಸ್ಥಾಪಿತವಾದ ‘ನ್ಯಾಷನಲ್ ಸಂಡೆ ಲೀಗ್’ ಎಂಬ ಸಂಘದ ಪ್ರಯತ್ನಕ್ಕೂ ನಡುವೆ ನಾಲ್ಕು ದಶಕಗಳ ಜಗ್ಗಾಟ ನಡೆದು, 1896ರಲ್ಲಿ ಮಾತ್ರ ಭಾನುವಾರದ ಬಾಗಿಲು ತೆರೆಯಿತು. ಟಿಕೆಟ್ಟಿನ ಚರ್ಚೆಯಲ್ಲಿ ಮುಳುಗಿದವರು ಈ ನಲವತ್ತು ವರ್ಷಗಳನ್ನು ಸಾಮಾನ್ಯವಾಗಿ ಮರೆಯುತ್ತಾರೆ. ತನಗೆ ಬಿಡುವಿದ್ದ ದಿನ ಮುಚ್ಚಿದ್ದ ಉಚಿತ ಸಂಗ್ರಹಾಲಯದಿಂದ ಆ ಕೂಲಿಗಾರನಿಗೆ ಏನು ಪ್ರಯೋಜನ?

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಘಟನೆಗಳು ಪ್ರಸಿದ್ಧವಾದುವೇ. 1974ರ ಜನವರಿಯಲ್ಲಿ ಕನ್ಸರ್ವೇಟಿವ್ ಸರ್ಕಾರವು ಹತ್ತು ಪೆನ್ಸಿನ ಶುಲ್ಕವನ್ನು ವಿಧಿಸಿತು. ಫೆಬ್ರವರಿಯ ಚುನಾವಣೆಯ ಅನಂತರ ಬಂದ ಲೇಬರ್ ಸರ್ಕಾರವು ಮಾರ್ಚ್ ಕೊನೆಗೇ ಅದನ್ನು ತೆಗೆದುಹಾಕಿತು. ಮುಂದೆ 1980ರ ದಶಕದಲ್ಲಿ ಒಂದೊಂದೇ ಸಂಸ್ಥೆ ಸ್ವಂತವಾಗಿ ಶುಲ್ಕಕ್ಕೆ ತೊಡಗಿತು. ವಿಕ್ಟೋರಿಯ ಅಂಡ್ ಆಲ್ಬರ್ಟ್ 1985ರಲ್ಲಿ ಸ್ವಇಚ್ಛೆಯ ಕಾಣಿಕೆಯನ್ನೂ 1996ರಲ್ಲಿ ಕಡ್ಡಾಯ ಶುಲ್ಕವನ್ನೂ ಇಟ್ಟಿತು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1987ರಲ್ಲಿ ಟಿಕೆಟ್ಟು ಮಾರತೊಡಗಿತು. ಸೈನ್ಸ್ ಮ್ಯೂಸಿಯಂ ಸ್ವಲ್ಪದರಲ್ಲೇ ಅದನ್ನು ಅನುಸರಿಸಿತು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಇವು ಮಾತ್ರ ಒಪ್ಪದೆ ನಿಂತವು. 1999ರಲ್ಲಿ ಮಕ್ಕಳಿಗೆ, 2000ದಲ್ಲಿ ವೃದ್ಧರಿಗೆ, 2001ರ ಡಿಸೆಂಬರ್ 1ರಿಂದ ಎಲ್ಲರಿಗೂ ರಾಷ್ಟ್ರೀಯ ಸಂಗ್ರಹಾಲಯಗಳ ಸ್ಥಿರ ಪ್ರದರ್ಶನಗಳು ಉಚಿತವಾದುವು. ಮುಂದಿನ ಒಂದು ವರ್ಷದಲ್ಲಿ ವಿಕ್ಟೋರಿಯ ಅಂಡ್ ಆಲ್ಬರ್ಟಿಗೆ ಬಂದವರ ಸಂಖ್ಯೆ ಇಮ್ಮಡಿಗೂ ಮಿಕ್ಕಿತು. ಅದೇ ವೇಳೆಗೆ ಅಲ್ಲಿ ಬ್ರಿಟಿಷ್ ಕಲೆಯ ಹೊಸ ಅಂಕಣಗಳು ತೆರೆದಿದ್ದವೆಂಬುದನ್ನೂ ನ್ಯಾಯವಾಗಿ ಸೇರಿಸಿ ಹೇಳಬೇಕು.

ಇದಕ್ಕೆ ಶುಲ್ಕದ ಪಕ್ಷದವರು ಎತ್ತುವ ಆಕ್ಷೇಪ ಪ್ರಬಲವಾದುದು. ಸಂಖ್ಯೆ ಏರಿತು, ನಿಜ. ಆದರೆ ಬಂದವರಲ್ಲಿ ಬಹುಮಂದಿ ಮೊದಲೂ ಬರುತ್ತಿದ್ದ ಸುಶಿಕ್ಷಿತ ವರ್ಗದವರೇ. ಅವರೇ ಮತ್ತೆ ಮತ್ತೆ ಬಂದರು. ಬಡವರ ತೆರಿಗೆಯಿಂದ ಉಳ್ಳವರ ವಿನೋದ ನಡೆಯುತ್ತಿದೆ ಎಂದು ಅವರ ವಾದ. ಇದರ ಪೂರ್ವಾರ್ಧವನ್ನು ಒಪ್ಪಬಹುದು. ಆದರೆ ‘ಅವರೇ ಮತ್ತೆ ಮತ್ತೆ ಬಂದರು’ ಎಂಬುದನ್ನು ದೋಷವಾಗಿ ಎಣಿಸುವುದು ಸಂಗ್ರಹಾಲಯವೆಂದರೇನೆಂಬುದನ್ನು ಅರಿಯದವರ ಮಾತು. ಗ್ರಂಥಭಂಡಾರಕ್ಕೆ ಮತ್ತೆ ಮತ್ತೆ ಬರುವ ಓದುಗನನ್ನು ಯಾರಾದರೂ ದೂರುತ್ತಾರೆಯೆ? ಸಂಸಾರದ ಮಟ್ಟಿಗಂತೂ ಪುನರಾಗಮನವೇ ಉಚಿತ ಪ್ರವೇಶದ ಮುಖ್ಯ ಫಲ. ಹಣ ಕೊಟ್ಟು ಒಳಹೊಕ್ಕ ತಂದೆಗೆ ಕೊಟ್ಟ ಹಣ ದಕ್ಕಿಸಿಕೊಳ್ಳಬೇಕೆಂಬ ಚಿಂತೆ ಹತ್ತುತ್ತದೆ. ಐದು ವರ್ಷದ ಮಗು ಮುಕ್ಕಾಲು ಗಂಟೆಗೆ ದಣಿದು ಅಳತೊಡಗಿದರೂ ಅದನ್ನು ಎಳೆದುಕೊಂಡು ಇನ್ನೂ ಹತ್ತು ಕೊಠಡಿಗಳನ್ನು ಮುಗಿಸುತ್ತಾನೆ. ಆ ಮಗು ಸಂಗ್ರಹಾಲಯವೆಂದರೆ ಕಾಲುನೋವೆಂದು ಕಲಿಯುತ್ತದೆ. ಹಣ ಕೊಡದೆ ಬಂದ ಸಂಸಾರವಾದರೋ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಮಹಾಮಂಟಪದಲ್ಲಿ 2017ರಿಂದ ತೂಗುತ್ತಿರುವ ಇಪ್ಪತ್ತೈದು ಮೀಟರು ಉದ್ದದ ನೀಲಿ ತಿಮಿಂಗಿಲದ ಎಲುಬುಗೂಡೊಂದನ್ನೇ ನೋಡಿ, ಕೂಸು ಸಾಕೆಂದೊಡನೆ ಹೊರಡಬಹುದು. ಬರುವ ತಿಂಗಳು ಇನ್ನೊಂದನ್ನು ನೋಡಬಹುದು. ಬೇಗ ಹಿಂದಿರುಗುವ ಈ ಸ್ವಾತಂತ್ರ್ಯಕ್ಕೆ ಲೆಕ್ಕಪತ್ರದಲ್ಲಿ ಅಂಕಣವಿಲ್ಲ.

ಹೀಗೆಂದಮಾತ್ರಕ್ಕೆ ಇಂದಿನ ವ್ಯವಸ್ಥೆ ನಿರ್ದುಷ್ಟವೆಂದಲ್ಲ. ಒಳಗೆ ಹೋದ ಮೇಲೆ ಶುಲ್ಕವು ಬೇರೆ ಬಾಗಿಲುಗಳಲ್ಲಿ ಕಾದಿರುತ್ತದೆ. ಸೈನ್ಸ್ ಮ್ಯೂಸಿಯಂ 1931ರಷ್ಟು ಹಿಂದೆಯೇ ಮಕ್ಕಳಿಗಾಗಿ ಪ್ರತ್ಯೇಕ ಅಂಕಣವನ್ನು ತೆರೆದ ಸಂಸ್ಥೆ. 1986ರಲ್ಲಿ ಮಕ್ಕಳು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ಕಲಿಯುವ ‘ಲಾಂಚ್ ಪ್ಯಾಡ್’ ಅಲ್ಲಿ ಆರಂಭವಾಯಿತು. ಅದರ ಸ್ಥಾನದಲ್ಲಿ 2016ರಲ್ಲಿ ನಾರ್ವೆಯ ಎಣ್ಣೆ ಕಂಪನಿಯೊಂದರ ಪ್ರಾಯೋಜನದಲ್ಲಿ ‘ವಂಡರ್‌ಲ್ಯಾಬ್’ ತೆರೆದಾಗ ಅದಕ್ಕೆ ಪ್ರತ್ಯೇಕ ಟಿಕೆಟ್ಟು ಇಟ್ಟರು. ದೊಡ್ಡವರು ನೋಡುವ ಆವಿಯಂತ್ರ ಉಚಿತ, ಮಕ್ಕಳು ಮುಟ್ಟುವ ಯಂತ್ರಕ್ಕೆ ಹಣ! ಈ ವಿಂಗಡಣೆಯನ್ನು ಸಮರ್ಥಿಸುವುದು ನನ್ನಿಂದಾಗದು. ವಿಶೇಷ ಪ್ರದರ್ಶನಗಳಿಗೆ ಎಲ್ಲೆಡೆಯೂ ಶುಲ್ಕವಿದೆಯೆಂಬುದು, ದೂರದಿಂದ ಬರುವ ಸಂಸಾರಕ್ಕೆ ರೈಲು ಚಾರ್ಜೇ ಟಿಕೆಟ್ಟಿಗಿಂತ ಹೆಚ್ಚಾಗುವುದೆಂಬುದು ತಿಳಿದ ಸಂಗತಿಗಳು. ಕೋವಿಡ್ ಸಾಂಕ್ರಾಮಿಕದ ಮುಚ್ಚುಗಡೆಯ ಅನಂತರ 2020ರಲ್ಲಿ ಬಾಗಿಲು ತೆರೆದಾಗ ಮುಂಚಿತವಾಗಿ ಹೆಸರು ಕೊಟ್ಟು ಗಂಟೆಯನ್ನು ಗೊತ್ತುಮಾಡಿಕೊಂಡು ಬರುವ ಪದ್ಧತಿ ಬಂದುದು ಆರೋಗ್ಯದೃಷ್ಟಿಯಿಂದ ಅನಿವಾರ್ಯವಾಗಿತ್ತು. ಆದರೂ ಚರಿತ್ರೆಯನ್ನು ಓದಿದವನಿಗೆ ಅದು ಮಾಂಟೆಗ್ಯು ಭವನದ ಟಿಕೆಟ್ಟನ್ನು ನೆನಪಿಗೆ ತರದಿರದು.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಮಾತು. 2001ರಿಂದ 2011ರವರೆಗೆ ವಿಕ್ಟೋರಿಯ ಅಂಡ್ ಆಲ್ಬರ್ಟಿನ ನಿರ್ದೇಶಕರಾಗಿ ಅಲ್ಲಿನ ಉಚಿತ ಪ್ರವೇಶದ ಆರಂಭವನ್ನು ಕಂಡ, ಮುಂದೆ ಬ್ರಿಟಿಷ್ ಮ್ಯೂಸಿಯಮ್ಮಿನ ಹಂಗಾಮಿ ನಿರ್ದೇಶಕರೂ ಆಗಿದ್ದ ಸರ್ ಮಾರ್ಕ್ ಜೋನ್ಸ್ ಅವರೇ 2024ರಲ್ಲಿ ವಿದೇಶಿ ಪ್ರೇಕ್ಷಕರಿಂದ ಶುಲ್ಕ ತೆಗೆದುಕೊಳ್ಳಬಹುದೆಂದು ಸೂಚಿಸಿದರು. ಬ್ರಿಟಿಷ್ ತೆರಿಗೆದಾರನ ಹಣದಿಂದ ಪರದೇಶಿಯರೇಕೆ ಬಿಟ್ಟಿ ನೋಡಬೇಕೆಂಬ ವಾದ ಮೇಲುನೋಟಕ್ಕೆ ನ್ಯಾಯವಾಗಿ ತೋರುತ್ತದೆ. ಭಾರತೀಯರಾದ ನಾವು ಅದನ್ನು ಆಕ್ಷೇಪಿಸುವ ಮೊದಲು ನಮ್ಮ ಮನೆಯ ಕಡೆಗೂ ನೋಡಿಕೊಳ್ಳಬೇಕು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಕೂಡ, ವಿದೇಶಿಯರಿಗೆ ನಮಗಿಂತ ಹಲವು ಪಾಲು ಹೆಚ್ಚಿನ ದರವಿದೆ. ಆದರೆ ಎರಡಕ್ಕೂ ಒಂದು ಭೇದವಿದೆ. ದರಿಯಾ ದೌಲತ್ ಪರದೇಶದಿಂದ ಬಂದ ಪ್ರೇಕ್ಷಕನ ಊರಿನಿಂದ ತಂದುದಲ್ಲ.

ಆ ಅರಮನೆಯಿಂದ ಕೂಗಳತೆಯಲ್ಲಿ 1799ರ ಮೇ 4ರಂದು ಟೀಪು ಸುಲ್ತಾನನು ಮಡಿದನು. ಕೋಟೆಯೊಳಗಿನ ಅವನ ಅರಮನೆಯಲ್ಲಿ ಕಂಪನಿಯ ಸೈನ್ಯಕ್ಕೆ ದೊರೆತ ವಸ್ತುಗಳಲ್ಲಿ ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿಯೊಂದು. ಅದರ ಒಡಲಿನಲ್ಲಿ ತಿದಿಯೂ ಸ್ವರನಾಳಗಳೂ ಇವೆ. ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈಯೆತ್ತಿ ನರಳುತ್ತಾನೆ. 1808ರಿಂದ ಅದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪನಿ ಭವನದಲ್ಲಿ, ಗ್ರಂಥಭಂಡಾರದ ಓದುವ ಕೊಠಡಿಯಲ್ಲೇ ಇಟ್ಟಿದ್ದರು. ಬಂದಬಂದವರೆಲ್ಲ ಹಿಡಿ ತಿರುಗಿಸಿ ಹುಲಿಯನ್ನು ಗರ್ಜಿಸುವಂತೆ ಮಾಡುತ್ತಿದ್ದುದರಿಂದ, ಅಲ್ಲಿ ಕುಳಿತು ಪೌರಸ್ತ್ಯ ವಿದ್ಯೆಯನ್ನು ವ್ಯಾಸಂಗ ಮಾಡುತ್ತಿದ್ದ ಪಂಡಿತರು ರೋಸಿಹೋದರು. ಕಡೆಗೊಮ್ಮೆ ಆ ಹಿಡಿಯೇ ಕಾಣದಾಯಿತು. 1880ರಲ್ಲಿ ಹುಲಿ ದಕ್ಷಿಣ ಕೆನ್ಸಿಂಗ್ಟನ್ನಿಗೆ ಬಂದಿತು. ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಛಾವಣಿ ಕುಸಿದು ನುಚ್ಚುನೂರಾದುದನ್ನು ಮತ್ತೆ ಜೋಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಲಂಡನ್ನಿನ ಮಕ್ಕಳ ಅನೇಕ ತಲೆಮಾರುಗಳಿಗೆ ಇದು ಆ ಸಂಗ್ರಹಾಲಯದ ಅಚ್ಚುಮೆಚ್ಚಿನ ವಸ್ತುಗಳಲ್ಲೊಂದು.

ಸರ್ ಮಾರ್ಕ್ ಅವರ ಸೂಚನೆ ಜಾರಿಗೆ ಬಂದರೆ ಮಂಡ್ಯದಿಂದ ಹೋದ ಒಂದು ಸಂಸಾರ ಈ ಹುಲಿಯನ್ನು ನೋಡಲು ಹಣ ತೆರಬೇಕಾಗುತ್ತದೆ. ಅದನ್ನು ಯುದ್ಧದಲ್ಲಿ ಗೆದ್ದು ತಂದವರ ಮೊಮ್ಮಕ್ಕಳ ಮಕ್ಕಳು ಹಾಗೆಯೇ ಒಳಗೆ ನಡೆಯುತ್ತಾರೆ. ಅಲ್ಲಿಯೇ ನೆಲಸಿ ತೆರಿಗೆ ಕೊಡುತ್ತಿರುವ ಕನ್ನಡಿಗ ಕುಟುಂಬದ ಪಾಡೇನು? ಅವರು ತಾಯಿತಂದೆಯರನ್ನು ಊರಿನಿಂದ ಕರೆಸಿಕೊಂಡು ಒಂದು ಭಾನುವಾರ ಸಂಗ್ರಹಾಲಯಕ್ಕೆ ಹೋದರೆ, ಬಾಗಿಲಲ್ಲಿ ಮೊಮ್ಮಗನನ್ನು ಒಂದು ಸಾಲಿಗೂ ಅಜ್ಜಿಯನ್ನು ಇನ್ನೊಂದು ಸಾಲಿಗೂ ಕಳುಹಿಸಬೇಕಾಗುತ್ತದೆ. ಪರದೇಶಿ ಯಾರು, ಸ್ವದೇಶಿ ಯಾರು ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ತಿಳಿಯುವುದೆಂದು ನಂಬುವ ದ್ವಾರಪಾಲಕನು ಇನ್ನೂ ಅಪಾಯಕಾರಿ. ಆದುದರಿಂದ ಬಂದ ಪ್ರತಿಯೊಬ್ಬನನ್ನೂ ನಿಲ್ಲಿಸಿ ಗುರುತಿನ ಕಾಗದವನ್ನು ಕೇಳದೆ ಗತ್ಯಂತರವಿಲ್ಲ. 1759ರ ದ್ವಾರಪಾಲಕನ ಪುಸ್ತಕದಲ್ಲಿ ಮೂರು ಅಂಕಣಗಳಿಗೆ ವಿವರ ಬೇಕಾಗಿತ್ತು: ಹೆಸರು, ಅಂತಸ್ತು, ವಾಸಸ್ಥಳ. ಈ ಹೊಸ ಪುಸ್ತಕದಲ್ಲಿ ಎರಡನೆಯದನ್ನು ಮಾತ್ರ ಬಿಡಬಹುದು.